ಯಾರ ಸ್ವಾತಂತ್ರ್ಯಕ್ಕೆ ಈ ಶಾಲು?

ಅಮೆರಿಕದ ಹೇವರ್ಡಿನ ನಮ್ಮ ಕನ್ನಡ ಸಂಘಕ್ಕೆ ಆಗಸ್ಟ್ ಹದಿನೈದು ಬಂತೆಂದರೆ ಸನ್ಮಾನಕ್ಕೆ ಒಬ್ಬ ಸ್ವಾತಂತ್ರ್ಯ ಹೋರಾಟಗಾರ ಬೇಕೇ ಬೇಕು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಸಿದ್ಧ. ಪೇಟಕ್ಕೊಂದು ತಲೆಯದೇ ಕೊರತೆ. ಡಾಟ್‌ಕಾಮ್ ಸುಗ್ಗಿಗೆ ಬಂದಿಳಿದ ಮೂವತ್ತರೊಳಗಿನ ಎಂಜಿನಿಯರುಗಳಲ್ಲಿ ಲಾಠಿ ಏಟು ತಿಂದವರನ್ನು ಎಲ್ಲಿಂದ ತರುವುದು? ಹೋದ ವರ್ಷ ಮಂಡ್ಯದಿಂದ ಬಂದಿದ್ದ ನಮ್ಮ ಮಾವನವರಿಗೆ ಹೊದಿಸಿಯಾಗಿತ್ತು. ಈ ಸಲ ಅವರೇ ಹೊದಿಸುವವರು.

ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ಎಂಬತ್ತು ದಾಟಿದ ಅಮೆರಿಕನ್ ಅಜ್ಜ ಒಬ್ಬರಿದ್ದರು. ಮಹಾಯುದ್ಧದಲ್ಲಿ, ತಮ್ಮ ದೇಶ ಇನ್ನೂ ಇಳಿಯುವ ಮೊದಲೇ, ಪರದೇಶದ ವಾಯುಪಡೆಗೆ ತಾವಾಗಿಯೇ ಹೋಗಿ ಫೈಟರ್ ವಿಮಾನ ಹಾರಿಸಿದವರು. ‘ಸ್ವಾತಂತ್ರ್ಯಕ್ಕಾಗಿ ಹೋರಾಡಿದೆ’ ಎಂದರಂತೆ. ಯಾರ ಸ್ವಾತಂತ್ರ್ಯ ಎಂದು ಕೇಳುವ ವ್ಯವಧಾನ ನಮ್ಮ ಕಾರ್ಯದರ್ಶಿಗೆಲ್ಲಿ? ಅಲ್ಲೇ ಆಹ್ವಾನ ಕೊಟ್ಟುಬಿಟ್ಟ.

“ಇಲ್ಲಿಯವರಿಗೆ ನಾನು ಅಲ್ಲಿಯವನು, ಅಲ್ಲಿಯವರಿಗೆ ಇಲ್ಲಿಯವನು. ಈವರೆಗೆ ಸನ್ಮಾನಕ್ಕೆ ಯಾರೂ ಕರೆದಿಲ್ಲ,” ಎಂದು ಅಜ್ಜ ನನ್ನೆದುರು ಹಳೆಯ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದರು. ಪೈಲಟ್ಟಿಗೆ ಶೋಭಿಸುವುದಿಲ್ಲವೆಂದು ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬಂದರು.

ವೇದಿಕೆಯಲ್ಲಿ ಅವರು ತಲೆ ಬಾಗಿಸಿ ನಿಂತಿದ್ದರು, ಪಕ್ಕದಲ್ಲಿ ಅನುವಾದಕ್ಕೆಂದು ನಾನು. ಕಾರ್ಯದರ್ಶಿ ಪರಿಚಯ ಓದುತ್ತ “ಬ್ರಿಟಿಷ್ ವಾಯುಪಡೆ” ಎಂದದ್ದೇ ತಡ, ಮಾವನವರ ಕೈಯಲ್ಲಿದ್ದ ಶಾಲು ಅಲ್ಲೇ ನಿಂತಿತು.

“ಬ್ರಿಟಿಷರ ಕಡೇನಾ? ನಮ್ ಬೆನ್ ಮೇಲೆ ಲಾಠಿ ಮುರ್ದೋರ ಕಡೆ ಯಾಕೋದೆ ಅಂತ ಕೇಳವ್ವ.”

ಮೈಕು ಅಷ್ಟನ್ನೂ ಸಭೆಗೆ ಕೇಳಿಸಿತು. ಅಜ್ಜ ಬಾಗಿಸಿದ ತಲೆ ಎತ್ತಲಿಲ್ಲ. ನನಗೆ ಮಾವನವರ ಮೇಲೆ ಸಿಟ್ಟು ಬಂತು. ಆದರೂ ಕೇಳಿದೆ.

“ಇಲ್ಲಿನ ಸೇನೆಯವರು ಕಣ್ಣು ಮಂದವೆಂದು ವಾಪಸು ಕಳಿಸಿದರು. ಹಾರಬೇಕೆಂಬ ಹುಚ್ಚು ನನಗೆ. ಅಲ್ಲಿ ಅಷ್ಟು ಕೆದಕಿ ನೋಡಲಿಲ್ಲ,” ಎಂದರು ಅಜ್ಜ.

ಕನ್ನಡದಲ್ಲಿ ಹೇಳಿದೆ. ಮಾವನವರು ಹೆಗಲು ಕುಣಿಸಿ ನಗತೊಡಗಿದರು.

“ನಾನೂ ಮೆಟ್ರಿಕ್ ಫೇಲಾಗಿ, ನಮ್ಮಪ್ಪನ ದೊಣ್ಣೆಗೆ ಹೆದ್ರಿ ಚಳವಳಿಗೆ ಓಡೋದೋನು ಕಣವ್ವ. ಹೇಳು ಅವ್ರಿಗೆ.”

ಇದೂ ಮೈಕಿನಲ್ಲೇ ಬಂತು. ಅಪ್ಪನ ಶೌರ್ಯವನ್ನು ಮಕ್ಕಳಿಗೆ ದಿನಾ ಉಣಿಸುತ್ತಿದ್ದ ನನ್ನ ಗಂಡ ಮೊದಲ ಸಾಲಿನಲ್ಲಿ ಹಣೆ ಹಿಡಿದುಕೊಂಡರು. ಮಾವನವರು ಶಾಲು ಹೊದಿಸಿ, ಪೇಟವನ್ನೂ ತಾವೇ ಇಟ್ಟರು.

ರಾಷ್ಟ್ರಗೀತೆ ಶುರುವಾಯಿತು. ಅಜ್ಜ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಬಾವುಟ ಎಡಕ್ಕಿತ್ತು, ಸೆಲ್ಯೂಟು ಬಲಗಡೆಯ ಹಣ್ಣಿನ ಬುಟ್ಟಿಗೆ ಹೋಯಿತು. ಮಕ್ಕಳು ಕಿಸಕ್ಕೆಂದವು. ಮಾವನವರು ಅಜ್ಜನ ಭುಜ ಹಿಡಿದು ಮೆಲ್ಲಗೆ ಬಾವುಟದ ಕಡೆ ತಿರುಗಿಸಿ, ಹಾಡು ಮುಗಿಯುವವರೆಗೂ ಹಾಗೇ ಹಿಡಿದುಕೊಂಡು ನಿಂತರು.