ಕೊಡದ ಮೇಲೆ ಬಿದ್ದ ಬೂದಿ

ಮಗಳು ಕೆಲಸ ಮಾಡಿದ ಸಿನಿಮಾ ತೆರೆಕಂಡಾಗ ನನ್ನ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ಹಾಗಾಗಿ ಅದು ಇಲ್ಲಿ ಪರದೇಶದಲ್ಲಿ, ರೇನರ್ಸ್ ಲೇನ್‌ನ ನಮ್ಮ ಮನೆಯ ಟಿವಿಗೆ ಬರುವವರೆಗೆ ಕಾದೆ. ಕೋಟೆಯೊಂದು ಸುಡುವ ದೃಶ್ಯದಲ್ಲಿ ಹೊಗೆ, ಬೂದಿ ಅವಳದು. ಕಂಪ್ಯೂಟರಿನ ಮುಂದೆ ಎಂಟು ತಿಂಗಳು ಕೂತು ಮಾಡಿದ್ದು.

ಆ ದೃಶ್ಯ ಬಂದಾಗ ಅವಳು ಟಿವಿ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ನನಗೆ ಕಂಡದ್ದು ಬರೀ ಬೂದುಬಣ್ಣದ ಚೌಕಗಳು, ಬಚ್ಚಲುಮನೆಯ ಟೈಲ್ಸ್ ಅಲುಗಾಡಿದ ಹಾಗೆ. ಧೂಳು ಕೂತಿರಬೇಕೆಂದು ಎದ್ದು ದುಪಟ್ಟಾದಿಂದ ಪರದೆ ಒರೆಸಿಯೂ ಬಂದೆ. ಕೊನೆಗೆ "ವೆರಿ ನೈಸ್" ಎಂದೆ. ಯಾರು ಏನು ತೋರಿಸಿದರೂ ಹಾಗೆನ್ನಬೇಕೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು.

"ಬಾಜೂ ಮನಿ ಆಂಟಿ ಸುಟ್ಟ ಕೇಕಿಗೂ ಇದನ್ನ ಅಂದಿದ್ದಿ, ಮಮ್ಮಿ," ಎಂದು ಅವಳು ರಿಮೋಟ್ ತೆಗೆದುಕೊಂಡು ಸೆಟ್ಟಿಂಗ್ಸ್ ತೆರೆದಳು. "ಪಪ್ಪಾ, ಡೇಟಾ ಸೇವರ್ ಯಾಕ ಆನ್ ಐತಿ? ನೆಟ್ ಉಳಸಾಕ ಅದು ಚಿತ್ರ ಕೆಡಸ್ತೈತಿ. ನಮ್ದು ಅನ್‌ಲಿಮಿಟೆಡ್."

"ಇರ್ಲಿ ಬಿಡವಾ. ಧಾರವಾಡದಾಗ ಫೋನಿಗೆ ಹಂಗ ಇಡ್ತಿದ್ದೆ. ಉಳಿದ್ರ ಒಳ್ಳೇದಲ್ಲ?" ಎಂದರು ನನ್ನ ಯಜಮಾನರು.

"ಏನ್ ಉಳೀತು? ನನ್ನ ಬೂದಿ ಹೋತು."

ಮುಂದಿನ ಭಾನುವಾರ ಮಧ್ಯಾಹ್ನ ಅವಳು ಅದೇ ಸಿನಿಮಾದ ಡಿಸ್ಕ್ ತಂದು ಕಿಟಕಿಯ ಪರದೆ ಎಳೆದಳು. "ಇಡೀ ಸಿನಿಮಾ ಇದ್ದಂಗ ಮನಿಗೆ ಬರಂಗಿಲ್ಲ, ಮಮ್ಮಿ. ಮಡಚಿ ಕಳಸ್ತಾರ. ಅದಕ್ಕ ಎನ್‌ಕೋಡಿಂಗ್ ಅಂತಾರ. ಸಣ್ಣ ಜಾಗಾದಾಗ ತುರುಕಿದ್ರ ಹೊಗಿ, ಧೂಳ, ಕತ್ತಲ ಮೊದಲ ಹೋಗ್ತಾವ. ಇದರಾಗ ಜಾಗಾ ಭಾಳ, ಜ್ವಾಕಿಲೆ ಮಡಚಿರ್ತಾರ."

ನನಗೆ ಇಳಕಲ್ ಸೀರೆ ನೆನಪಾಯಿತು. ಕಪಾಟಿಗೆ ತುರುಕಿದ್ದೂ ಸೀರೆಯೇ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟದ್ದೂ ಸೀರೆಯೇ, ಬಿಚ್ಚಿದಾಗ ಗೊತ್ತಾಗುತ್ತದೆ.

ಕೋಟೆ ಹೊತ್ತಿಕೊಂಡಿತು. ಈಗ ಹೊಗೆಯೊಳಗೆ ಹೊಗೆಯಿತ್ತು: ಕಪ್ಪು, ಅದರ ಹಿಂದೆ ಕಂದು, ಅದಕ್ಕೂ ಹಿಂದೆ ಬೆಂಕಿಯ ತೆಳು ಕೆಂಪು. ಒಂದೊಂದು ಬೂದಿಚೂರೂ ತನ್ನಷ್ಟಕ್ಕೆ ತಿರುಗುತ್ತ ಇಳಿಯುತ್ತಿತ್ತು, ಅಂಚಿನಲ್ಲಿ ಇನ್ನೂ ಕಿಡಿ ಹೊತ್ತು. ನನ್ನ ಕೈಯ ಚಹಾ ಕೈಯಲ್ಲೇ ಆರಿತು. ಮೂಲೆಯಲ್ಲೊಂದು ತಾಮ್ರದ ಕೊಡ. ಒಂದು ಚೂರು ಅದರ ಒದ್ದೆ ಕಂಠಕ್ಕೆ ತಾಗಿ, ಕಪ್ಪಾಗಿ ಅಂಟಿಕೊಂಡಿತು.

"ಆ ಕೊಡಕ್ಕ ಬೂದಿ ಚೂರು ಹತ್ತಿ ಆರಿತಲ್ಲ, ಅದೂ ನೀನ ಮಾಡಿದ್ದೇನು?" ಎಂದೆ.

ಅವಳು ರಿಮೋಟ್ ಎತ್ತಿಕೊಂಡಳು. "ಅದನ್ನ ಯಾರೂ ನೋಡಂಗಿಲ್ಲ, ಬಿಡು ಅಂದಿದ್ರು ಆಫೀಸಿನಾಗ," ಎಂದು ದೃಶ್ಯವನ್ನು ಹಿಂದಕ್ಕೆ ತಂದಳು.

"ಎಲ್ಲೈತಿ? ಯಾವ ಕೊಡ?" ಎಂದು ಇವರು ಕನ್ನಡಕ ಹುಡುಕತೊಡಗಿದರು. ಅವರಿಗೆಂದು ಅವಳು ಮತ್ತೊಮ್ಮೆ ದೃಶ್ಯವನ್ನು ಹಿಂದಕ್ಕೆ ತಂದಳು.