ಪಾಯಿಂಟ್ಸ್‌ಮನ್ ಕೆಂಪಸಿದ್ದಯ್ಯ ಹೆಣಿಗೆ ಕಲಿತದ್ದು

ಕೆಂಪಸಿದ್ದಯ್ಯನಿಗೆ ಬಲಗೈ ಎಂದರೆ ಅನ್ನ. ಮಂಡ್ಯಕ್ಕೂ ಮದ್ದೂರಿಗೂ ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಅವನು ಪಾಯಿಂಟ್ಸ್‌ಮನ್. ರೈಲು ಬರುವ ಮುಂಚೆ ಹಳಿ ಬದಲಿಸುವ ಕಬ್ಬಿಣದ ಹಿಡಿಯನ್ನು ಎಳೆದು ಕೂರಿಸುವುದು, ಬಾವುಟ ಹಿಡಿಯುವುದು, ಗೂಡ್ಸ್ ನಿಂತರೆ ಡಬ್ಬಿಗಳ ಕೊಂಡಿ ಬಿಚ್ಚುವುದು, ಎಲ್ಲವೂ ಆ ಕೈಯದೇ ಕೆಲಸ. ಆದರೆ ಅದಕ್ಕೆ ಗಾಯವಾದದ್ದು ರೈಲಿನಿಂದಲ್ಲ, ಕಬ್ಬಿನಿಂದ.

1943ರ ಸಂಕ್ರಾಂತಿಗೆ ಅವನು ರಜ ಹಾಕಿ ಚಿಕ್ಕರಸಿನಕೆರೆಯ ಭಾವಮೈದನ ಆಲೆಮನೆಗೆ ಹೋಗಿದ್ದ. ಗಾಣಕ್ಕೆ ಕಬ್ಬು ಕೊಡುತ್ತಿದ್ದ ಆಳು ನೀರು ಕುಡಿಯಲು ಎದ್ದ. ಸುಮ್ಮನೆ ಇರಲಾರದೆ ಇವನು ಆ ಜಾಗದಲ್ಲಿ ಕೂತ. ಸೊಟ್ಟ ಜಲ್ಲೆಯೊಂದು ಗಾಣದ ಬಾಯಲ್ಲಿ ಸಿಕ್ಕಿಕೊಂಡಿತು. ಅದನ್ನು ತಳ್ಳಲು ಹೋದ ಬೆರಳುಗಳನ್ನು ಗಾಣ ಕಬ್ಬಿನ ಜೊತೆಗೇ ಕಚ್ಚಿತು. ಅವನ ಕೂಗಿಗೆ ಎತ್ತುಗಳು ಬೆದರಿ ನಿಂತದ್ದರಿಂದ ಕೈ ಉಳಿಯಿತು. ಗಾಯ ಮಾಯುವ ಹೊತ್ತಿಗೆ ಉಂಗುರದ ಬೆರಳು, ಕಿರುಬೆರಳು ಬಾಗದ ಕಡ್ಡಿಗಳಾಗಿದ್ದವು. ಉಳಿದವು ಇದ್ದೂ ಇಲ್ಲದಂತೆ; ಚೊಂಬು ಹಿಡಿದರೆ ಜಾರುತ್ತಿತ್ತು.

ಮಂಡ್ಯದ ಡಾಕ್ಟರು, "ಬೆರಳು ಆಡಿಸ್ತಾ ಇರು. ಬಿಟ್ಟರೆ ಮರ ಆಗ್ತವೆ," ಎಂದು ಹೇಳಿ ಕಳಿಸಿದರು. ಆಡಿಸುವುದು ಹೇಗೆಂದು ಹೇಳಲಿಲ್ಲ. ಅವನ ಜಾಗಕ್ಕೆ ಬದಲಿಯಾಗಿ ಬಂದವನು ದೇವಯ್ಯ. ಅವನಿಗೂ ಹೆಂಡತಿ ಮಕ್ಕಳಿದ್ದರು, ಅವನಿಗೂ ಕಾಯಂ ಕೆಲಸ ಬೇಕಿತ್ತು. ಒಂದು ಬೆಳಿಗ್ಗೆ ಸ್ಟೇಷನ್ ಮಾಸ್ಟರ್ ರಾಮಾನುಜ ಅಯ್ಯಂಗಾರರು ಕೆಂಪಸಿದ್ದಯ್ಯನನ್ನು ಕರೆದು, "ಮೇ ತಿಂಗಳ ಕೊನೇಲಿ ಮೈಸೂರಿನಲ್ಲಿ ರೈಲ್ವೆ ಡಾಕ್ಟರು ನಿನ್ನ ಕೈ ನೋಡ್ತಾರೆ. ಆಗೋಲ್ಲ ಅಂದ್ರೆ ಕ್ವಾರ್ಟರ್ಸ್ ಬಿಡಬೇಕಾಗುತ್ತೆ," ಎಂದರು. ಹೇಳುವಾಗ ಅವರು ಅವನ ಮುಖ ನೋಡಲಿಲ್ಲ.

ಅಂದಿನಿಂದ ಕೆಂಪಸಿದ್ದಯ್ಯ ಬೇವಿನ ಮರದಡಿ ಕೂತು ಜೇಡಿಮಣ್ಣಿನ ಉಂಡೆ ಹಿಸುಕತೊಡಗಿದ. ಉಂಡೆಯಲ್ಲಿ ಹೆಬ್ಬೆರಳ ಗುರುತು ಬಿಟ್ಟರೆ ಬೇರೇನೂ ಮೂಡುತ್ತಿರಲಿಲ್ಲ. ಇದನ್ನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಮಾಸ್ಟರ ಹೆಂಡತಿ ಗೋದಮ್ಮ ಒಂದು ದಿನ ಹಿತ್ತಲಿಗೆ ಕರೆದರು.

"ನಮ್ಮ ತಂದೆಯವರಿಗೆ ಲಕ್ವ ಹೊಡೆದು ಕೈ ಬಿದ್ದುಹೋಗಿತ್ತಪ್ಪ. ಮಿಷನ್ ಆಸ್ಪತ್ರೆ ನರ್ಸು ಅವರಿಗೆ ಇದನ್ನ ಕಲಿಸಿದಳು. ಜೊತೇಲಿ ನಾನೂ ಕಲಿತೆ," ಎನ್ನುತ್ತ ಜಗಲಿಯ ಅಂಚಿಗೆ ಒಂದು ಮರದ ಕಡ್ಡಿ, ಖಾಕಿ ಉಣ್ಣೆಯ ಉಂಡೆ ಇಟ್ಟು ಹಿಂದೆ ಸರಿದರು. ಸಿಪಾಯಿಗಳಿಗೆ ಹೊದಿಕೆ ಹೆಣೆದುಕೊಡಲು ಮಂಡ್ಯದ ಹೆಂಗಸರು ಹಂಚಿದ್ದ ಉಣ್ಣೆ ಅದು. ಕಡ್ಡಿ ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ. ಒಂದು ತುದಿಯಲ್ಲಿ ಕೊಕ್ಕೆ, ಇನ್ನೊಂದು ತುದಿಯಲ್ಲಿ ಗುಂಡು.

ಕೆಂಪಸಿದ್ದಯ್ಯ ಮುಟ್ಟಲಿಲ್ಲ. "ಎಂಗುಸ್ರು ಕೆಲ್ಸ ಕಣ್ರವ್ವಾ."

"ಕೆಲಸ ಹೋದ ಮೇಲೆ ಗಂಡಸರ ಕೆಲಸ ಯಾವುದಪ್ಪ ಮಾಡ್ತೀಯ? ಇದಕ್ಕೆ ಟ್ಯುನೀಷಿಯನ್ ಕ್ರೋಶ ಅಂತಾರೆ. ಪೇಪರಿನಲ್ಲಿ ದಿನಾ ಯುದ್ಧದ ಸುದ್ದಿ ಬರ್ತಿದೆಯಲ್ಲ, ಆ ಸೀಮೆ ಹೆಸರು. ತೆಗೆದುಕೋ."

ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಅವರು ಜಗಲಿಯ ಮೇಲೆ. ಮೊದಲು ಸರಪಣಿ: ಕೊಕ್ಕೆಗೆ ದಾರ ಸುತ್ತಿ ಕುಣಿಕೆಯೊಳಗಿಂದ ಎಳೆಯುವುದು. ಅಷ್ಟಕ್ಕೇ ಹೊತ್ತು ನೆತ್ತಿಗೆ ಬಂತು. ಕಡ್ಡಿ ಕೈಯಿಂದ ಜಾರಿ ಮತ್ತೆ ಮತ್ತೆ ಮಣ್ಣಿಗೆ ಬಿತ್ತು.

"ಪೆನ್ನು ಹಿಡಿದ ಹಾಗೆ ಹಿಡೀಬೇಡ. ಚಾಕು ಹಿಡಿದ ಹಾಗೆ, ಮೇಲಿಂದ," ಎಂದು ಗೋದಮ್ಮ ದೂರದಿಂದಲೇ ತೋರಿಸಿದರು. ಅವನು ಹಿಡಿದ. ಕಡ್ಡಿ ಓರೆಯಾಯಿತು. "ಹಾಗಲ್ಲ." ಮತ್ತೆ ಹಿಡಿದ. "ಅಯ್ಯೋ, ಹಾಗಲ್ಲವೋ!" ಎನ್ನುತ್ತ ಅವರು ಎರಡೇ ಹೆಜ್ಜೆಗೆ ಇಳಿದು ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಕಡ್ಡಿಯ ಸುತ್ತ ಮಡಿಸಿದರು.

ಆಮೇಲೆ ಇಬ್ಬರಿಗೂ ಮುಟ್ಟಿದ್ದು ಅರಿವಾಯಿತು. ಗೋದಮ್ಮ ಮಡಿಯಲ್ಲಿದ್ದರು, ಒಳಗೆ ನೈವೇದ್ಯದ ಅನ್ನ ಒಲೆಯ ಮೇಲಿತ್ತು. ಪ್ಲಾಟ್‌ಫಾರಮ್ಮಿನ ಕಡೆಯಿಂದ ಬಂದ ಮಾಸ್ಟರು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಕೆಂಪಸಿದ್ದಯ್ಯ ಎದ್ದು ಗೋಡೆಗೆ ಸರಿದ. ಮಾಸ್ಟರು ಹೆಂಡತಿಯನ್ನು ನೋಡಿದರು, ಅವನನ್ನು ನೋಡಿದರು, ಕೊನೆಗೆ, "ಬಾವಿಯಿಂದ ನೀರು ಸೇದಿಡ್ತೀನಿ, ಇನ್ನೊಂದು ಸಲ ಸ್ನಾನ ಮಾಡಿಬಿಡು," ಎಂದು ಬಾವಿಯ ಕಡೆ ಹೋದರು. ಮಾರನೆಯ ದಿನದಿಂದ ಪಾಠ ಗೋದಮ್ಮನವರ ಸ್ನಾನಕ್ಕೆ ಮೊದಲೇ ನಡೆಯತೊಡಗಿತು.

ಸರಪಣಿ ಬಂದ ಮೇಲೆ ಸಾಲು. ಸರಪಣಿಯ ಪ್ರತಿ ಕಣ್ಣಿನಿಂದಲೂ ಒಂದೊಂದು ಕುಣಿಕೆ ಎಳೆದು, ಯಾವುದನ್ನೂ ಬಿಡದೆ ಕಡ್ಡಿಯ ಮೇಲೇ ಕೂರಿಸಿಕೊಳ್ಳಬೇಕು. ಅದು ಹೋಗುವ ಸಾಲು. ಬಟ್ಟೆ ತಿರುಗಿಸದೆ, ದಾರ ಸುತ್ತಿ ಮೊದಲು ಒಂದು ಕುಣಿಕೆಯೊಳಗಿಂದ, ಆಮೇಲೆ ಎರಡೆರಡರೊಳಗಿಂದ ಎಳೆಯುತ್ತ ಬಂದರೆ ಕಡ್ಡಿ ಖಾಲಿಯಾಗಿ ಒಂದೇ ಉಳಿಯುತ್ತದೆ. ಅದು ಬರುವ ಸಾಲು. ಆಗ ಮುಂದುಗಡೆ ಕಂಬಿ ನೆಟ್ಟಂತೆ ನೇರ ಎಳೆಗಳು ಏಳುತ್ತವೆ. ಮುಂದಿನ ಸಾಲಿಗೆ ಆ ಕಂಬಿಗಳ ಹಿಂದೆ ಕೊಕ್ಕೆ ತೂರಿಸಬೇಕು. ಕಡ್ಡಿ ತುಂಬಿದಾಗ ಅದರ ಭಾರಕ್ಕೆ ಅವನ ಮಣಿಕಟ್ಟು ನೋಯುತ್ತಿತ್ತು. ನೋವು ಬಂದರೆ ಅವನಿಗೆ ಸಂತೋಷ. ಸತ್ತ ಬೆರಳಿಗೆ ನೋವಿರುವುದಿಲ್ಲ.

ದೇವಯ್ಯ ಇದನ್ನು ನೋಡಿದ. "ಏನ್ಲಾ ಸಿದ್ದ, ಬಳೆ ಯಾವಾಗ್ಲಾ ತೊಟ್ಕಳ್ಳಾದು?" ಎಂದ. ಹಳಿ ರಿಪೇರಿಯ ಗ್ಯಾಂಗಿನವರು ನಕ್ಕರು. ಕೆಂಪಸಿದ್ದಯ್ಯ ಮುಂದಿನ ಕಂಬಿಗೆ ಕೊಕ್ಕೆ ತೂರಿಸಿದ. ಆದರೆ ಹೆಣಿಗೆ ಬೆಳೆದಂತೆಲ್ಲ ಅದು ಕಿರಿದಾಗುತ್ತ ಹೋಯಿತು. ಅಗಲವಾಗಿ ಶುರುವಾದದ್ದು ಗೋಪುರದಂತೆ ಮೊನಚಾಯಿತು. ಕೆಳಗಿನ ಅಂಚು ಬೇರೆ ಸುರುಳಿ ಸುತ್ತಿಕೊಂಡಿತು. ತನ್ನ ಬೆರಳುಗಳೇ ಕೈಕೊಡುತ್ತಿವೆ ಎಂದುಕೊಂಡ. ಮನೆಗೆ ಬಂದು ಅದನ್ನು ಮೂಲೆಗೆ ಎಸೆದ.

ಹೆಂಡತಿ ಚಿಕ್ಕಬೋರಮ್ಮ ಎತ್ತಿಕೊಂಡು ಬೆಳಕಿಗೆ ಹಿಡಿದಳು. "ಬೆರಳ್ದೇನೂ ತಪ್ಪಿಲ್ಲ ಬುಡು. ಈ ಕೊನೇ ಎಳೆ ನೋಡು, ಒಂದ್ ಸಾಲ್ನಾಗೂ ಇಡ್ದಿಲ್ಲ ನೀನು. ಕೊನೇಗ್ ಬಂದೇಟ್ಗೆ ಮುಗೀತು ಅಂತ ಕೈ ಬುಟ್ಬುಡ್ತೀಯ."

ಮಾರನೆಯ ದಿನ ಗೋದಮ್ಮನೂ ಅದನ್ನೇ ಹೇಳಿದರು. "ಕೊನೆ ಕಣ್ಣು ಅಂಚಿನಲ್ಲಿ ಅಡಗಿರುತ್ತಪ್ಪ. ಎರಡು ಎಳೆಯನ್ನೂ ಸೇರಿಸಿ ಹಿಡಿ. ಸುರುಳಿ ಸುತ್ತೋದಕ್ಕೆ ಹೆದರಬೇಡ, ಈ ಹೆಣಿಗೆ ಜಾಯಮಾನವೇ ಅದು. ದಾರ ಮಾತ್ರ ಅಷ್ಟು ಬಿಗಿ ಎಳೀಬೇಡ. ಕೈ ಹೆದರಿದರೆ ದಾರಾನೂ ಹೆದರುತ್ತೆ." ಅವನು ಬಿಚ್ಚಿ ಮೊದಲಿಂದ ಶುರುಮಾಡಿದ.

ಏಪ್ರಿಲ್ ಮುಗಿಯುವಷ್ಟರಲ್ಲಿ ತೋರುಬೆರಳು, ನಡುಬೆರಳು ಮಾತು ಕೇಳತೊಡಗಿದವು. ಧೈರ್ಯ ಬಂತು, ಅತಿಯಾಗಿಯೇ ಬಂತು. ಒಂದು ಮಧ್ಯಾಹ್ನ ಗೂಡ್ಸ್ ಬರುವ ಗಂಟೆ ಹೊಡೆದಾಗ ದೇವಯ್ಯ ಇನ್ನೂ ದೀಪದ ಕೋಣೆಯಲ್ಲಿದ್ದ. ಕೆಂಪಸಿದ್ದಯ್ಯ ಯಾರನ್ನೂ ಕೇಳದೆ ಓಡಿಹೋಗಿ ಹಳಿ ಬದಲಿಸುವ ಹಿಡಿಗೆ ಕೈ ಹಾಕಿದ. ಅರ್ಧದವರೆಗೆ ಎತ್ತಿದ. ಅಲ್ಲಿ ಬೇಕಾದದ್ದು ಬಾಗದ ಆ ಎರಡು ಬೆರಳುಗಳ ಬಿಗಿ. ಅದಿರಲಿಲ್ಲ. ಹಿಡಿ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಬಿತ್ತು, ಅವನ ಮೊಣಕಾಲಿಗೆ ಬಡಿದು ಕೆಡವಿತು. ದೂರದಲ್ಲಿ ಇಂಜಿನ್ನು ದಾರಿಗಾಗಿ ಕೂಗುತ್ತ ನಿಂತಿತು. ಅವನು ಎದ್ದು ಮತ್ತೆ ಹಿಡಿದ, ಮತ್ತೆ ಜಾರಿತು.

"ಬುಡ್ಲಾ! ಅತ್ಲಾಗ್ ಸರೀಲಾ!" ದೇವಯ್ಯ ಓಡಿ ಬಂದು ಅವನನ್ನು ಭುಜದಿಂದ ನೂಕಿ ಹಿಡಿ ಎಳೆದು ಕೂರಿಸಿದ. ಗೂಡ್ಸ್ ಹಾದುಹೋಯಿತು. ಆಮೇಲೆ ದೇವಯ್ಯ, "ಮಾಸ್ಟ್ರಿಗೆ ಯೋಳಾಕಿಲ್ಲ ಓಗು," ಎಂದ. ಬೈದಿದ್ದರೆ ಕೆಂಪಸಿದ್ದಯ್ಯನಿಗೆ ಅಷ್ಟು ಉರಿಯುತ್ತಿರಲಿಲ್ಲ. ಮೂರು ದಿನ ಹಿತ್ತಲಿಗೆ ಹೋಗಲಿಲ್ಲ. ನಾಲ್ಕನೆಯ ದಿನ ಚಿಕ್ಕಬೋರಮ್ಮ ಕಡ್ಡಿ ತಂದು ಅವನ ಮಡಿಲಿಗೆ ಹಾಕಿ, "ಇದ್ನಾರ ಮುಗ್ಸು," ಎಂದಳು.

ಮೈಸೂರಿಗೆ ಹೊರಟ ದಿನ ಹೆಣಿಗೆ ಟವಲಿನ ಗಂಟಿನಲ್ಲಿತ್ತು. ಡಾಕ್ಟರಿಗೆ ತೋರಿಸು ಎಂದು ಗೋದಮ್ಮ ಹೇಳಿದ್ದರು. ತೋರಿಸಬಾರದೆಂದು ಅವನು ತೀರ್ಮಾನಿಸಿದ್ದ. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಗಂಡಸರ ಎದುರು ಹೇಗೆ ತೆಗೆಯುವುದು? ಸರದಿ ಬಂತು. ಡಾಕ್ಟರು ತಮ್ಮ ಕೈ ಹಿಸುಕಿಸಿದರು, ಗುಂಡುಸೂಜಿ ಎತ್ತಿಸಿದರು, ಅಂಗಿಯ ಗುಂಡಿ ಹಾಕಿಸಿದರು. ಬಾಗದ ಬೆರಳುಗಳನ್ನು ಬಗ್ಗಿಸಿ ನೋಡಿ ತಲೆ ಅಲ್ಲಾಡಿಸಿದರು.

"ಇವೆರಡು ಸತ್ತಿವೆ. ಆದರೆ ಉಳಿದವು ಇಷ್ಟು ಚೆನ್ನಾಗಿ ಹೇಗೆ ಬಂದವು? ಏನು ಮಾಡಿದೆ?"

ಸೌದೆ ಸೀಳಿದೆ ಎನ್ನಬಹುದಿತ್ತು. "ಎಣ್ದೆ ಸ್ವಾಮಿ," ಎಂದ.

"ಏನು?"

"ಉಣ್ಣೆ ಎಣ್ದೆ." ಗಂಟು ಬಿಚ್ಚಿದ. ಬಾಗಿಲ ಹತ್ತಿರವಿದ್ದ ಗುಮಾಸ್ತ ಕಿಸಕ್ಕನೆ ನಕ್ಕ.

"ಎಲ್ಲಿ, ಒಂದು ಸಾಲು ಹಾಕು," ಎಂದರು ಡಾಕ್ಟರು.

ಬೆವರಿಗೆ ದಾರ ಬೆರಳಿಗೆ ಅಂಟುತ್ತಿತ್ತು. ಅವನು ಕಂಬಿಯಿಂದ ಕಂಬಿಗೆ ಹೋದ. ಕಡ್ಡಿ ತುಂಬುತ್ತ ಬಂತು. ಅಂಚಿನಲ್ಲಿ ಅಡಗಿದ್ದ ಕೊನೆಯ ಕಣ್ಣನ್ನು ಹುಡುಕಿ ಎರಡೂ ಎಳೆ ಹಿಡಿದ. ಎರಡೆರಡು ಕುಣಿಕೆ ಎಳೆಯುತ್ತ ಹಿಂದಿರುಗಿದ. ಗುಮಾಸ್ತ ಈಗ ನಗುತ್ತಿರಲಿಲ್ಲ. ಕತ್ತು ಚಾಚಿ ನೋಡುತ್ತಿದ್ದ.

ಡಾಕ್ಟರು ಬರೆಯುತ್ತಲೇ ಹೇಳಿದರು: "ಪಾಯಿಂಟ್ಸ್ ಎಳೆಯೋ ಕೈ ಅಲ್ಲ ಇದು. ಆಗುತ್ತೆ ಅಂತ ಬರೆದರೆ ಒಂದು ದಿನ ಜನ ಸಾಯ್ತಾರೆ." ಗೂಡ್ಸಿನ ಆ ಮಧ್ಯಾಹ್ನ ಕೆಂಪಸಿದ್ದಯ್ಯನ ಕಣ್ಣ ಮುಂದೆ ಬಂತು. "ಅದು ದಿಟ ಸ್ವಾಮಿ," ಎಂದ. ಡಾಕ್ಟರು ತಲೆ ಎತ್ತಿದರು. "ಗೇಟು ಹಾಕಿ ತೆಗೆಯೋದಕ್ಕೆ ಈ ಕೈ ಸಾಕು. ಗೇಟ್‌ಮನ್ ಕೆಲಸಕ್ಕೆ ಬರೀತೀನಿ."

ಯಲಿಯೂರಿನ ಬಳಿಯ ಗೇಟು ಸಿಕ್ಕಿತು. ಪಾಯಿಂಟ್ಸ್ ಕೆಲಸ ದೇವಯ್ಯನದಾಯಿತು. ಸಾಮಾನು ಸಾಗಿಸುವ ದಿನ ಅವನೇ ಗಾಡಿ ತಂದು, ಸಂದೂಕ ಏರಿಸಿ, ಏನು ಹೇಳಬೇಕೆಂದು ತಿಳಿಯದೆ ಹಗ್ಗವನ್ನು ಮತ್ತೆ ಮತ್ತೆ ಬಿಗಿದ. "ಸಾಕ್ ಬುಡ್ಲಾ, ಅರ್ದೋಯ್ತದೆ," ಎಂದ ಕೆಂಪಸಿದ್ದಯ್ಯ. ಖಾಕಿ ಹೊದಿಕೆ ಗೋದಮ್ಮನ ಕೈಯಿಂದ ಮಂಡ್ಯಕ್ಕೆ ಹೋಗಿ, ಅಲ್ಲಿಂದ ಯಾವ ಸಿಪಾಯಿಗೆ ಸೇರಿತೋ ತಿಳಿಯಲಿಲ್ಲ. ಮಾಸ್ಟರಿಗೆ ವರ್ಗವಾಗಿ ಅವರು ಅರಸೀಕೆರೆ ಕಡೆಗೆ ಹೋದರು.

ಗೇಟಿನ ಗುಡಿಸಲಲ್ಲಿ ಅವನು ಹೆಣಿಗೆ ಬಿಡಲಿಲ್ಲ. ಬಿಟ್ಟರೆ ಬೆರಳು ಸೆಟೆಯುತ್ತಿದ್ದವು. ಗ್ಯಾಂಗಿನವರ ಮನೆಗಳಲ್ಲಿ ಮಗು ಹುಟ್ಟಿದರೆ ಹೊದಿಕೆಗೆ ಅವನ ಹತ್ತಿರವೇ ಬರುತ್ತಿದ್ದರು. ನಲವತ್ತೇಳರ ಹೊತ್ತಿಗೆ ಆ ಗೇಟಿಗೆ ಉಣ್ಣೆ ಸಿದ್ದಯ್ಯನ ಗೇಟು ಎಂದೇ ಹೆಸರು ನಿಂತಿತ್ತು. ಗೂಡ್ಸಿನ ಆ ಮಧ್ಯಾಹ್ನವನ್ನು ಮರೆಯದ ಅವನು ಸಂಜೆಯ ಪ್ಯಾಸೆಂಜರಿಗೆ ಬೇರೆ ಗೇಟಿನವರಿಗಿಂತ ಮುಂಚೆಯೇ ಗೇಟು ಹಾಕುತ್ತಿದ್ದ. ಭತ್ತದ ಗಾಡಿಯವರು ಸಾಲುಗಟ್ಟಿ ನಿಂತು, "ಇನ್ನೂ ರೈಲೇ ಕಾಣಾಕಿಲ್ಲ, ತೆಗೀಲಾ," ಎಂದು ಬಯ್ಯುತ್ತಿದ್ದರು. ಅವನು ಬಾವುಟ ಹಿಡಿದು ನಿಂತೇ ಇರುತ್ತಿದ್ದ, ತೆಗೆಯುತ್ತಿರಲಿಲ್ಲ.