ಎದುರು ಮನೆಯಿಂದ ಹೈದರಾಬಾದಿಗೆ

ಮೈಸೂರಿನಿಂದ ಹೈದರಾಬಾದಿಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ರಸ್ತೆಯಲ್ಲಿ ಹೋದರೆ ಏಳುನೂರು ಕಿಲೋಮೀಟರಿಗೂ ಹೆಚ್ಚು. ಮಂಡಕಳ್ಳಿಯಲ್ಲಿ ವಿಮಾನ ಹತ್ತಿದರೆ ಎರಡು ಗಂಟೆಯೂ ಬೇಡ. ನಮಗೆ ದೂರವಾದದ್ದು ಕೃಷ್ಣಮೂರ್ತಿಪುರದ ನಮ್ಮ ಎದುರು ಮನೆ.

ಹೈದರಾಬಾದಿನಲ್ಲಿರುವ ದೊಡ್ಡಮ್ಮನಿಗೆ, ಅಂದರೆ ಅಮ್ಮನ ಅಕ್ಕನಿಗೆ, ಮಂಡಿ ಆಪರೇಷನ್ ಆಗಬೇಕಿತ್ತು. ಹೆದರಿಕೊಂಡು ಎರಡು ಸಲ ಮುಂದಕ್ಕೆ ಹಾಕಿದ್ದಳು. "ನನ್ನ ತಂಗಿ ಬಂದು ಪಕ್ಕದಲ್ಲಿ ಕೂತ್ರೆ ಹೋಗ್ತೀನಿ, ಇಲ್ದಿದ್ರೆ ಇಲ್ಲ" ಎಂದು ಈ ಸಲ ಹಟ. ಶುಕ್ರವಾರ ಆಸ್ಪತ್ರೆ ಸೇರಬೇಕು. ಅಮ್ಮನ ಬೆನ್ನಿಗೆ ರೈಲಿನ ಕುಲುಕಾಟ ಆಗದು. ಗುರುವಾರ ನಾಲ್ಕೂಕಾಲರ ವಿಮಾನಕ್ಕೆ ಇಬ್ಬರಿಗೂ ಟಿಕೆಟ್ ತೆಗೆದೆ.

ಎರಡು ಗಂಟೆಗೆ ಮನೆ ಬಿಡಬೇಕು. ಗುರುವಾರ ಒಂದೂವರೆಯಿಂದ ಮೂರರವರೆಗೆ ರಾಹುಕಾಲ. "ಪರಸ್ಥಾನ ಇಟ್ರಾಯ್ತು ಬುಡು" ಎಂದಳು ಅಮ್ಮ. ರಾಹುಕಾಲಕ್ಕೆ ಮೊದಲೇ ಚೀಲವೊಂದನ್ನು ಬೇರೆ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಶುರುವಾಯಿತೆಂದೇ ಅರ್ಥ. ಆಮೇಲೆ ಯಾವಾಗ ಹೊರಟರೂ ರಾಹು ತಕರಾರು ತೆಗೆಯುವಂತಿಲ್ಲ. ಒಂದು ಗಂಟೆಗೆ ಅಮ್ಮ ತನ್ನ ಕೈಚೀಲವನ್ನು ಎದುರು ಮನೆಯಲ್ಲಿಟ್ಟು ಬಂದಳು.

ಎರಡಕ್ಕೆ ಟ್ಯಾಕ್ಸಿ ಬಂತು. ಎದುರು ಮನೆಗೆ ಬೀಗ. ಆ ಮನೆಯಾಕೆಗೆ ಫೋನ್ ಮಾಡಿದೆ. ಫೋನು ಬೀಗ ಹಾಕಿದ ಮನೆಯೊಳಗೇ ರಿಂಗಾಯಿತು.

"ಚೀಲದಲ್ಲಿ ಏನಿತ್ತಮ್ಮಾ?"

"ಏನಿಲ್ಲ ಕಣೇ, ಒಂದು ಸೀರೆ, ಅಕ್ಕಂಗೆ ಚಟ್ನಿಪುಡಿ, ನನ್ನ ಆಧಾರ್ ಕಾರ್ಡು."

ನನ್ನ ಪಿತ್ತ ನೆತ್ತಿಗೇರಿತು. ಆ ಕಾರ್ಡಿಲ್ಲದೆ ವಿಮಾನ ನಿಲ್ದಾಣದ ಬಾಗಿಲನ್ನೂ ದಾಟುವಂತಿರಲಿಲ್ಲ. ಪುಣ್ಯಕ್ಕೆ, ಬನ್ನಿಮಂಟಪದಲ್ಲಿರುವ ಆಕೆಯ ಮಗಳ ನಂಬರು ಅಮ್ಮನ ಡೈರಿಯಲ್ಲಿತ್ತು. ಫೋನ್ ಮಾಡಿದರೆ ಎದುರು ಮನೆಯಾಕೆ ಅಲ್ಲೇ ಇದ್ದರು.

"ಅಯ್ಯೋ, ನೀವು ಹೊರಟೇಬುಟ್ರಿ ಅಂದ್ಕೊಂಡೆ ಕಣ್ರೀ! ಚೀಲ ಮರ್ತೇಹೋಯ್ತು. ಇಗೋ ಬಂದೆ!"

ಆಟೋದಲ್ಲಿ ಅವರು ಬಂದಿಳಿದಾಗ ಮೂರಕ್ಕೆ ಹತ್ತು ನಿಮಿಷ ಇತ್ತು. ಚೀಲ ಸಿಕ್ಕಿದ್ದೇ ತಡ, ಅಮ್ಮ ಅವರ ಮನೆಯ ಮೆಟ್ಟಿಲ ಮೇಲೆ ಆರಾಮಾಗಿ ಕೂತುಬಿಟ್ಟಳು. "ಇನ್ನು ಹತ್ತೇ ನಿಮಿಷ ಕಣೇ. ರಾಹುಕಾಲಾನೇ ಮುಗ್ದೋಗತ್ತೆ, ಕೂತಿದ್ದು ಹೋಗಣ."

"ಅಮ್ಮಾ, ಗಾಡಿ ಹತ್ತು!" ಎಂದು ಕಿರುಚಿದೆ. ಡ್ರೈವರ್ ಮುಖ ತಿರುಗಿಸಿಕೊಂಡು ನಕ್ಕ. ಮಂಡಕಳ್ಳಿಯಲ್ಲಿ ಕೌಂಟರ್ ಮುಚ್ಚುವ ಮೊದಲು ಒಳಗೆ ಹೋದ ಕೊನೆಯ ಇಬ್ಬರು ನಾವೇ. ಏದುಸಿರು ಬಿಡುತ್ತಲೇ ದೊಡ್ಡಮ್ಮನಿಗೆ ಫೋನ್ ಮಾಡಿ, ಬರುತ್ತಿದ್ದೇವೆ ಎಂದೆ.

ವಿಮಾನದಲ್ಲಿ ಕೊಟ್ಟ ನೀರು ಕುಡಿದು ಅಮ್ಮ ಒಂದು ತೂಕಡಿಕೆ ಮುಗಿಸುವಷ್ಟರಲ್ಲಿ ಇಳಿಯುವ ಹೊತ್ತಾಯಿತು. "ಇಷ್ಟೇನಾ? ಬೀಗದ ಮುಂದೆ ಕಾದಿದ್ದೇ ಜಾಸ್ತಿ ಆಯ್ತಲ್ಲೇ" ಎಂದಳು.

ದೊಡ್ಡಮ್ಮ ಕೋಲೂರಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅಕ್ಕತಂಗಿಯರು ಅತ್ತರು, ಅಳುತ್ತಲೇ ನಕ್ಕರು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು; ಅಮ್ಮನನ್ನು ಕರೆತಂದದ್ದಕ್ಕೆ ನನಗೆ ತುಂಬ ಖುಷಿಯಾಯಿತು. ಆದರೂ ಒಂದು ಅನುಮಾನ ಉಳಿದಿತ್ತು. "ನಾಳೆ ಹೋಗ್ತೀಯ ತಾನೆ ದೊಡ್ಡಮ್ಮ?" ಎಂದು ಕೇಳಿದೆ.

"ಹೋಗ್ದೆ ಏನು? ಹನ್ನೊಂದಕ್ಕೆ ಹೊರಡೋದು. ಶುಕ್ರವಾರ ಆಗ ರಾಹುಕಾಲ ಅಲ್ವಾ, ನೀನು ಫೋನ್ ಮಾಡಿದ ತಕ್ಷಣ ಆಸ್ಪತ್ರೆ ಚೀಲಾನ ಮಹಡಿ ಮೇಲಿನ ಮನೇಲಿ ಪರಸ್ಥಾನ ಇಡಿಸ್ಬುಟ್ಟೆ!"

ಅಮ್ಮ ಇನ್ನೂ ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ನನ್ನ ಬೆನ್ನಿಗೆ ಕೈ ಹಾಕಿ ಮೆಟ್ಟಿಲ ಕಡೆಗೆ ತಳ್ಳಿದಳು.

"ಓಡೇ, ಮೇಲಿನವರು ಮನೇಲಿದಾರಾ ನೋಡು!"